ಈ ಬೇಸಿಗೆಯಲ್ಲಿ ನಮ್ಮ ಮಾಳಿಗೆ ಮೇಲೆ ಹಚ್ಚಿದ ಹಾಡುಗಳು

ಒಂದೂವರೆ ತಿಂಗಳಾಯಿತು, ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ದಿನಕ್ಕೆ ಒಮ್ಮೆಯಾದರೂ ಕೇಳದೆ ನಾನು ಮಲಗಿಲ್ಲ. ಬೇರೆಯವು ಕೂಡ ಕೇಳಿದ್ದೇನೆ, ಅವುಗಳ ಬಗ್ಗೆಯೂ ಹೇಳುತ್ತೇನೆ. ಆದರೆ ಸುತ್ತಿ ಸುತ್ತಿ ಬಂದು ನಿಲ್ಲುವುದು ಅಲ್ಲೇ.

ಕೇಳುವ ಜಾಗ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಹಾಡಿಗೂ ಅದಕ್ಕೂ ಸಂಬಂಧ ಇದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ 42, 43 ಡಿಗ್ರಿ. ಹಗಲೆಲ್ಲಾ ಕಾದ ಗೋಡೆ ರಾತ್ರಿ ಹನ್ನೊಂದಕ್ಕೂ ಬಿಸಿ ಉಗುಳುತ್ತಿರುತ್ತದೆ. ಒಳಗೆ ಮಲಗೋಕೆ ಆಗುವುದಿಲ್ಲ. ಊಟ ಮುಗಿಸಿ ಚಾಪೆ, ಕೌದಿ, ನೀರಿನ ತಂಬಿಗೆ ಹಿಡಿದುಕೊಂಡು ಮಾಳಿಗೆ ಹತ್ತುತ್ತೇವೆ. ನಾನು ಗಂಜ್‌ನಲ್ಲಿ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಒಡೆಯುವ ಮಷೀನಿನ ಸದ್ದು ಬೆಳಿಗ್ಗೆ ಒಂಬತ್ತಕ್ಕೆ ಕಿವಿ ಹೊಕ್ಕರೆ ಸಂಜೆ ಮನೆಗೆ ಬಂದು ಮುಖ ತೊಳೆದ ಮೇಲೂ ಒಳಗೇ ಗುಂಯ್ ಅನ್ನುತ್ತಿರುತ್ತದೆ. ಆ ಗುಂಯ್ ಇಳಿಯೋಕೆ ನನಗೆ ತಂಬೂರಿ ಬೇಕು. ಇದು ನನಗೆ ಸುಮ್ನೆ ಹೊತ್ತು ಕಳೆಯುವ ಕೆಲಸ ಅಲ್ಲ.

ಭಾನುವಾರ ರಾತ್ರಿ ನಾಲ್ಕು ಜನ ಸೇರುತ್ತೇವೆ. ಪಕ್ಕದ ಮನೆಯ ಕಾಕಾ, ರೈಲ್ವೆಯಿಂದ ನಿವೃತ್ತರಾದವರು. ಹೈಸ್ಕೂಲಿನ ಕನ್ನಡ ಮಾಸ್ತರರು. ದರ್ಗಾ ಕಡೆಯಿಂದ ಬರುವ ಭಾಯ್, ಟೇಲರ್ ಕೆಲಸ. ಮತ್ತೆ ನಾನು. ವಾರಕ್ಕೆ ಒಬ್ಬರು ಒಂದು ಆಲ್ಬಮ್ ತರಬೇಕು, ಪೂರ್ತಿ ಕೇಳಬೇಕು, ನಡುವೆ ಯಾರೂ ಹಾಡು ದಾಟಿಸುವಂತಿಲ್ಲ. ಸುಸಲಾ, ಮಿರ್ಚಿ ಭಜಿ, ಚಹಾ ಎಲ್ಲಾ ಹಾಡು ಶುರುವಾಗೋಕೆ ಮೊದಲೇ ಮುಗಿಯಬೇಕು. ಒಮ್ಮೆ ಹಚ್ಚಿದ ಮೇಲೆ ಯಾರಾದರೂ ಮಾತು ತೆಗೆದರೆ ಕಾಕಾ “ಏ, ಸುಮ್ ಕೂಡ್ರಿ” ಅನ್ನುತ್ತಾರೆ, ಅಷ್ಟೇ.

ಮನ್ಸೂರರ ವಚನಗಳ ಕ್ಯಾಸೆಟ್ ತಂದವರು ಕಾಕಾ. ಮನ್ಸೂರರು ಅಂದರೆ ಜೈಪುರ ಅತ್ರೌಲಿ ಘರಾಣೆ ಅನ್ನುವ ಗಾಯನ ಪರಂಪರೆ, ಶಿವಮತ ಭೈರವ, ಖಟ್, ಬಿಹಾರಿಯಂಥ ಅಪರೂಪದ ರಾಗಗಳು, ಅಂತಲೇ ನಾನು ತಿಳಿದುಕೊಂಡಿದ್ದೆ. ರಾಗ ಬೆಳೆಸಿ ಹಾಡುವ ಅವರ ಖಯಾಲ್ ಕೇಳಿದ್ದೆ, ವಚನ ಕೇಳಿರಲಿಲ್ಲ. ಮೊದಲ ಸಲ ಕೇಳಿದಾಗ ಅಷ್ಟೇನೂ ಹಿಡಿಸಲಿಲ್ಲ. ಧ್ವನಿ ಸಣ್ಣದು, ಚೂಪು. ಸಿಹಿ ಧ್ವನಿ ಬೇಕು ಅನ್ನುವವರಿಗೆ ಇವರು ಮೊದಲ ದಿನವೇ ಒಲಿಯುವುದಿಲ್ಲ. ನಾಲ್ಕನೇ ರಾತ್ರಿಗೆ ನನಗೆ ಅದರ ಗುಟ್ಟು ಹತ್ತಿತು. ಅಕ್ಕಮಹಾದೇವಿ ತನ್ನ ಕನಸು ಹೇಳುವ ವಚನ ಇದೆಯಲ್ಲ, ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಕಂಡೆ ಅಂತ ಶುರುವಾಗಿ, ಸಣ್ಣ ಜಡೆಗಳ ಗೊರವ ಭಿಕ್ಷೆಗೆ ಬಂದ, ಅವನ ಬೆನ್ನು ಹತ್ತಿ ಕೈ ಹಿಡಿದೆ ಅನ್ನುವಲ್ಲಿಗೆ ಬರುತ್ತದಲ್ಲ, ಅದು. ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಎದ್ದು ಗೆಳತಿಯ ಹತ್ತಿರ ಹೇಳುವ ಮಾತು ಅದು. ಮನ್ಸೂರರು ಅದನ್ನು ಮಾತಾಗಿಯೇ ಇಟ್ಟಿದ್ದಾರೆ. ಒಂದು ಸಾಲು ಹೇಳಿ ಬಿಡುತ್ತಾರೆ. ಆ ಬಿಟ್ಟ ಜಾಗದಲ್ಲಿ ತಂಬೂರಿ ಮಾತ್ರ ಮಿಡಿಯುತ್ತಿರುತ್ತದೆ. ಕೇಳುವವರು ಆ ಅಕ್ಕಿಯನ್ನೂ ಅಡಕೆಯನ್ನೂ ಕಣ್ಣ ಮುಂದೆ ತಂದುಕೊಳ್ಳುವಷ್ಟು ಹೊತ್ತು ಸಿಗುತ್ತದೆ. ಆಮೇಲೆ ಮುಂದಿನ ಸಾಲು.

ಆ ಬಿಟ್ಟ ಜಾಗಕ್ಕೇ ನಾನು ಸೋತಿರುವುದು. ವಚನದ ಆಲ್ಬಮ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಈಗ ನಾನು ಅದೊಂದರಿಂದಲೇ ಅಳೆಯುತ್ತೇನೆ: ಸಾಲು ಮುಗಿದ ಮೇಲೆ ಏನಾಗುತ್ತದೆ? ಜಾಗ ಖಾಲಿ ಬಿಡುತ್ತಾರಾ, ತುಂಬಿಸಿಬಿಡುತ್ತಾರಾ?

ಮಾಸ್ತರರು ಇದಕ್ಕೆ ಒಳ್ಳೆಯ ಕಾರಣ ಕೊಟ್ಟರು. ದಾಸರ ಪದಕ್ಕೆ ಪಲ್ಲವಿ, ಅನುಪಲ್ಲವಿ, ಚರಣ ಅಂತ ಅಚ್ಚುಕಟ್ಟು ಇರುತ್ತದೆ. ಹಾಡೋಕೇ ಅಂತ ಕಟ್ಟಿದ್ದು, ತಾಳ ಒಳಗೇ ಇರುತ್ತದೆ. ವಚನಕ್ಕೆ ಅದಿಲ್ಲ. ಒಂದು ಸಾಲು ಉದ್ದ, ಒಂದು ಮೋಟು. ತಿರುಗಿ ಬರುವ ಪಲ್ಲವಿ ಇಲ್ಲ. ಕೊನೆಗೆ ಅಂಕಿತ ಬಂದರೆ ಮುಗಿಯಿತು. ಅದನ್ನು ಎಂಟು ಮಾತ್ರೆಯ ಚೌಕಟ್ಟಿಗೆ ಒತ್ತಿ ಕೂಡಿಸಿದರೆ ಮಾತು ಎಲ್ಲೆಲ್ಲೋ ಮುರಿಯುತ್ತದೆ, “ಕೂಡಲಸಂಗಮ” ಒಂದು ಕಡೆ ಉಳಿದು “ದೇವ” ತಾಳದ ಮುಂದಿನ ಸುತ್ತಿಗೆ ಬೀಳುತ್ತದೆ. ಹಾಡುವವರು ಮೊದಲು ಆ ವಚನವನ್ನು ಬಾಯಿಬಿಟ್ಟು ಓದಿರಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗೊತ್ತಿರಬೇಕು, ಅಂದರು ಮಾಸ್ತರರು. ಅವರು ಇದನ್ನು ಹೇಳುವಾಗ ಕೈಯಲ್ಲಿ ಮಿರ್ಚಿ ಇತ್ತು, ಮಾತು ಮುಗಿಯುವವರೆಗೂ ತಿನ್ನಲಿಲ್ಲ.

ಅದು ಎಷ್ಟು ನಿಜ ಅಂತ ಆ ವಾರವೇ ಗೊತ್ತಾಯಿತು. ನಾನೇ ಆಸೆಪಟ್ಟು ಒಂದು ಹೊಸ ವಚನ ಆಲ್ಬಮ್ ಹಚ್ಚಿದೆ. ಯಾರದು ಅಂತ ಹೇಳುವುದಿಲ್ಲ, ಹಾಡಿದವರ ಕಂಠ ನಿಜಕ್ಕೂ ಚೆನ್ನಾಗಿದೆ. ಆದರೆ ಹಿಂದೆ ಕೀಬೋರ್ಡ್ ಒಂದೇ ಸಮನೆ ಹರಿಯುತ್ತಲೇ ಇರುತ್ತದೆ, ಪಿಟೀಲುಗಳ ಹಿಂಡೇ ಇದ್ದ ಹಾಗೆ. ಸಾಲು ಮುಗಿಯುತ್ತಿದ್ದ ಹಾಗೆ ಕೊಳಲು ನುಗ್ಗುತ್ತದೆ. ಕೊಳಲು ನಿಂತರೆ ಕೋರಸ್. ಕೋರಸ್ ಮುಗಿದರೆ ಗಂಟೆ ಸದ್ದು. ಒಂದು ಉಸಿರಿನಷ್ಟು ಜಾಗ ಇಲ್ಲ. ಬಸವಣ್ಣನವರ ಮಾತು ಬಂದದ್ದೇ ತಿಳಿಯುವುದಿಲ್ಲ, ಅದರ ಮೇಲೆ ಇನ್ನೊಂದು ಪದರ ಹಾಸಿಬಿಟ್ಟಿರುತ್ತಾರೆ. ನನಗೆ ಸಿಟ್ಟೇ ಬಂತು. ಬಸವಕಲ್ಯಾಣ ನಮಗೇನು ದೂರ? ಒಂದು ಬಸ್ ಹತ್ತಿದರೆ ತಲುಪುವ ಊರು. ಇದೇ ನೆಲದಲ್ಲಿ ಜನ ಕೂತು ಒಬ್ಬರಿಗೊಬ್ಬರು ಹೇಳಿಕೊಂಡ ಮಾತುಗಳು ಇವು. ಕೇಳುವವನಿಗೆ ಅರ್ಥ ಆಗಲಿ ಅಂತ ಆಡಿದ್ದು. ಅರ್ಥ ಆಗೋಕೆ ಹೊತ್ತು ಬೇಡವಾ?

ಮನ್ಸೂರರಿಗೆ ಈ ಹಿಡಿತ ಎಲ್ಲಿಂದ ಬಂತು ಅಂತ ನಾವು ಬಹಳ ಮಾತಾಡಿಕೊಂಡೆವು. ನನಗನಿಸುವುದು ನಾಟಕದಿಂದ. ಚಿಕ್ಕ ಹುಡುಗನಾಗಿದ್ದಾಗಲೇ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು ಅವರು. ಆ ಕಾಲದ ಕಂಪನಿ ನಾಟಕದಲ್ಲಿ ಹಿಂದಿನ ಸಾಲಿನವನಿಗೂ ಪದ ಪದ ಮುಟ್ಟಿಸಬೇಕಿತ್ತು. ಆಮೇಲೆ ಮಿರಜಿನ ನೀಲಕಂಠ ಬುವಾ, ಮಂಜಿಖಾನ್, ಬುರ್ಜಿಖಾನ್ ಅವರ ಹತ್ತಿರ ಎಷ್ಟೇ ಕಲಿತರೂ ಆ ನಾಟಕದ ನಾಲಿಗೆ ಉಳಿದುಕೊಂಡಿತು ಅಂತ ಕಾಣುತ್ತದೆ. ಇನ್ನೊಂದು, ಚೆನ್ನಮಲ್ಲಿಕಾರ್ಜುನ ಅನ್ನುವ ಅಕ್ಕನ ಅಂಕಿತ ಅವರ ಬಾಯಲ್ಲಿ ಬಂದಾಗ ನನಗೆ ಪ್ರತಿ ಸಲ ಮೈ ಜುಂ ಅನ್ನುತ್ತದೆ. ತಮ್ಮ ಹೆಸರೇ ಅದರೊಳಗೆ ಇದೆ ಅಲ್ವಾ.

ಬಸವರಾಜ ರಾಜಗುರು ಅವರೂ ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿದ್ದವರೇ. ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅವರ ವಚನಗಳನ್ನು ಮಾಸ್ತರರು ತಂದಿದ್ದರು. ಮನ್ಸೂರರಷ್ಟು ಖಾರ ಇಲ್ಲ, ಧ್ವನಿ ದುಂಡಗೆ, ತುಂಬಿದ್ದು, ಮೇಲಿನ ಸ್ವರಕ್ಕೆ ಹೋಗುವಾಗ ಕಷ್ಟವೇ ಕಾಣಿಸುವುದಿಲ್ಲ. ವಚನ ಇದೇ ಮೊದಲು ಕೇಳುತ್ತೇನೆ ಅನ್ನುವವರಿಗೆ ನಾನು ರಾಜಗುರು ಅವರಿಂದಲೇ ಶುರು ಮಾಡಿ ಅನ್ನುತ್ತೇನೆ. ಒಂದು ವಾರ ಕೇಳಿ, ಆಮೇಲೆ ಮನ್ಸೂರರ ಕಡೆ ಬನ್ನಿ. ಸೀದಾ ಮನ್ಸೂರರಿಗೆ ಹೋದರೆ ನನಗಾದ ಹಾಗೆ ಮೂರು ದಿನ ದಂಡ.

ಭೀಮಸೇನ ಜೋಶಿಯವರ ದಾಸವಾಣಿ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ. ಭಾಗ್ಯದ ಲಕ್ಷ್ಮಿ ಬಾರಮ್ಮ ಗೊತ್ತಿಲ್ಲದ ಮನೆ ಈ ಕಡೆ ಇಲ್ಲ. ಕಾಕಾ ಅದನ್ನು ಬೆಳಿಗ್ಗೆ ಸ್ನಾನ ಮುಗಿಸಿ ಹಚ್ಚುತ್ತಾರೆ, ನಮ್ಮ ಅಡುಗೆಮನೆಗೂ ಕೇಳಿಸುತ್ತದೆ, ಆ ಹೊತ್ತಿಗೆ ಅದೇ ಸರಿ. ರಾತ್ರಿಗೆ ಬೇಡ. ಎಬ್ಬಿಸಿ ಕೂಡ್ರಿಸುವ ಧ್ವನಿ ಅದು.

ಕುಮಾರ ಗಂಧರ್ವರ ನಿರ್ಗುಣಿ ಭಜನೆಗಳು, ಅಂದರೆ ರೂಪವಿಲ್ಲದ ದೇವರನ್ನು ಕುರಿತ ಹಾಡುಗಳು, ನಾನು ತಂದದ್ದು. ಹಾಡಿನ ಮಾತು ಕಬೀರರದು, ಹಿಂದಿ. ಆದರೆ ಹಾಡಿದವರು ನಮ್ಮವರೇ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು, ಮೂಲ ಹೆಸರು ಶಿವಪುತ್ರ ಕೋಮಕಾಳಿಮಠ. ಕ್ಷಯ ಬಂದು ಮಧ್ಯಪ್ರದೇಶದ ದೇವಾಸದಲ್ಲಿ ಐದಾರು ವರ್ಷ ಹಾಡದೆ ಹಾಸಿಗೆ ಹಿಡಿದಿದ್ದರು. ಒಂದು ಶ್ವಾಸಕೋಶ ಹಾಳಾಗಿತ್ತು. ಎದ್ದ ಮೇಲೆ ವೇಗವಾಗಿ ಸ್ವರ ಹೆಣೆಯುವ ಉದ್ದುದ್ದ ತಾನ್‌ಗಳ ಬದಲು ಮೋಟು ಮೋಟು ತುಣುಕುಗಳಲ್ಲಿ ಹಾಡುವುದನ್ನು ಕಂಡುಕೊಂಡರು. ಒಂದು ಸ್ವರವನ್ನು ಬಾಣದ ಹಾಗೆ ಎಸೆಯುತ್ತಾರೆ, ನಿಲ್ಲುತ್ತಾರೆ. “ಉಡ್ ಜಾಯೇಗಾ” ಕೇಳಿದರೆ ನಾನು ಹೇಳುವುದು ತಿಳಿಯುತ್ತದೆ. ಹಂಸ ಹಾರಿಹೋಗುತ್ತದೆ ಅಂತ ಹಾಡಿ ಸುಮ್ಮನಾಗುತ್ತಾರೆ, ಆ ಸುಮ್ಮನಾದ ಕಡೆಯೇ ಹಂಸ ಹೋದ ದಾರಿ ಇರುತ್ತದೆ. ಅಲ್ಲಿನ ಮಾಳವಾದ ನಾಥಪಂಥದ ಜೋಗಿಗಳಿಂದ ಕೇಳಿ ಕಲಿತ ಧಾಟಿಗಳಂತೆ ಇವು. ಒಂಟಿ ತಂತಿ, ಒಂಟಿ ಕಂಠ.

ಅದು ಮುಗಿದ ಮೇಲೆ ಕಾಕಾ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ “ಇದು ನಮ್ಮೂರ ಅಮಾವಾಸಿ ಭಜನಿ ಅದನೋ” ಅಂದರು. ಅವರದು ಜೇವರ್ಗಿ ಕಡೆಯ ಹಳ್ಳಿ. ಕಡಕೋಳ ಮಡಿವಾಳಪ್ಪನವರ ನೆಲ ಅದು. ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬ, ಇವರ ತತ್ವಪದಗಳನ್ನು ಹೊಲದಲ್ಲಿ ದುಡಿದು ಬಂದ ಜನ ಇವತ್ತಿಗೂ ಏಕತಾರಿ, ತಾಳ, ದಮ್ಮಡಿ ಹಿಡಿದು ಬೆಳತನಕ ಹಾಡುತ್ತಾರೆ. ಕಾಕಾನ ತಮ್ಮ ಮೊಬೈಲಿನಲ್ಲಿ ತುಂಬಿಕೊಂಡಿದ್ದ ಒಂದು ರಾತ್ರಿಯ ಭಜನೆ ನಮ್ಮ ಹತ್ತಿರ ಇತ್ತು, ಅದನ್ನೂ ಅವತ್ತೇ ಹಚ್ಚಿದೆವು. ಧ್ವನಿಮುದ್ರಣ ಅಂತ ನೋಡಿದರೆ ತೀರಾ ಸಾಧಾರಣ. ತಾಳದ ಸದ್ದು ಮೈಕಿಗೆ ಹತ್ತಿರ ಆಗಿ ಚಿರ್ ಅನ್ನುತ್ತದೆ, ಯಾರೋ ಕೆಮ್ಮುತ್ತಾರೆ. ಆದರೆ ಮುಂದೆ ಹಾಡುವ ಮುದುಕಪ್ಪ ಒಂದು ನುಡಿ ಹೇಳಿ ನಿಲ್ಲಿಸಿ, ಸುತ್ತ ಕೂತವರನ್ನು “ತಿಳೀತೇನ್ರಿ?” ಅಂತ ಕೇಳುತ್ತಾನೆ. ಅವರು ಹೂಂ ಅಂದ ಮೇಲೆಯೇ ಮುಂದಿನ ನುಡಿ. ನನ್ನ ಕೀಬೋರ್ಡ್ ಸಿಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಭಾಯ್ ತಂದದ್ದರ ಬಗ್ಗೆ ಹೇಳದಿದ್ದರೆ ಅನ್ಯಾಯ. ನನ್ನ ಮಾತು ಅವರಿಗೆ ಒಪ್ಪಿಗೆ ಇಲ್ಲ. ಬಂದೇನವಾಜರ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳುತ್ತಲೇ ಬೆಳೆದವರು ಅವರು. “ನಿಮಗ ಖಾಲಿ ಜಾಗ ಬೇಕು, ನಮಗ ತುಂಬಿ ಚೆಲ್ಲಬೇಕು” ಅಂದು ನುಸ್ರತ್ ಫತೇ ಅಲಿ ಖಾನರ ಶಹೆನ್‌ಶಾ ಹಚ್ಚಿದರು. 1989ರಲ್ಲಿ ಬಂದ ಆಲ್ಬಮ್. ಚಪ್ಪಾಳೆ, ತಬಲಾ, ಎರಡು ಹಾರ್ಮೋನಿಯಂ, ಹಿಂದೆ ಇಡೀ ತಂಡದ ಕಂಠ. ನಿಲ್ಲುವ ಮಾತೇ ಇಲ್ಲ. ಆದರೂ ನನಗೆ ಎಲ್ಲೂ ಉಸಿರು ಕಟ್ಟಲಿಲ್ಲ. ಯಾಕೆ ಅಂತ ಎರಡು ದಿನ ಯೋಚಿಸಿದೆ. ಅಲ್ಲಿ ಒಂದೇ ಮಾತನ್ನು ಹತ್ತು ಸಲ, ಇಪ್ಪತ್ತು ಸಲ ಹೇಳುತ್ತಾರೆ. ಮೊದಲ ಸಲ ತಪ್ಪಿದರೆ ಮೂರನೇ ಸಲ ಸಿಗುತ್ತದೆ, ಮೂರನೆಯದರಲ್ಲಿ ಅರ್ಥ ಆದದ್ದು ಹತ್ತನೆಯದರಲ್ಲಿ ಎದೆಗೆ ಇಳಿಯುತ್ತದೆ. ಮಾತು ಹೊಕ್ಕಲಿ ಅಂತ ಮನ್ಸೂರರು ನಿಲ್ಲುತ್ತಾರೆ, ಅದಕ್ಕೇ ನುಸ್ರತ್ ಮತ್ತೆ ಮತ್ತೆ ಹೇಳುತ್ತಾರೆ. ಇಬ್ಬರಿಗೂ ಮಾತೇ ಯಜಮಾನ. ಇದನ್ನು ಭಾಯ್‌ಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿ, “ಈಗ ನೀವ್ ಸರಿಯಾಗಿ ಕೇಳಾಕತ್ತೀರಿ” ಅಂದರು. ಆ ಮಾತು ನನಗೆ ಬಹಳ ಖುಷಿ ಕೊಟ್ಟಿತು.

ಹಾಗಾಗಿ ವಾದ್ಯ ಜಾಸ್ತಿ ಇದ್ದದ್ದೇ ತಪ್ಪು ಅಂತ ನಾನು ಈಗ ಹೇಳುವುದಿಲ್ಲ. ಸಿ. ಅಶ್ವತ್ಥ್ ಅವರ ಶಿಶುನಾಳ ಶರೀಫರ ಹಾಡುಗಳಲ್ಲೂ ವಾದ್ಯಗಳ ಅಬ್ಬರ ಇದೆ, ಆದರೆ ಸೋರುತಿಹುದು ಮನೆಯ ಮಾಳಿಗಿ ಅಂತ ಅವರು ಗಂಟಲು ತೆರೆದರೆ ವಾದ್ಯಗಳೆಲ್ಲಾ ಹಿಂದೆ ಸರಿದು ನಿಲ್ಲುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನೇ ಮೊದಲು ಹಚ್ಚಿ. ನಮ್ಮ ಅಣ್ಣನ ಮಗಳಿಗೆ ಏಳು ವರ್ಷ, ಕೋಡಗನ ಕೋಳಿ ನುಂಗಿತ್ತ ಪೂರ್ತಿ ಬಾಯಿಪಾಠ ಆಗಿದೆ.

ಇನ್ನು ಯಾವುದರಲ್ಲಿ ಕೇಳಬೇಕು ಅನ್ನುವುದು. ಇವು ಬಹುತೇಕ ಮೊಬೈಲಿನಲ್ಲೂ ಸಿಗುತ್ತವೆ, ಹುಡುಕಿದರೆ ಸಾಕು. ಆದರೆ ಬರೀ ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ದಯವಿಟ್ಟು. ತಂಬೂರಿಯ ಕೊನೆಯ ತಂತಿ ಖರ್ಜದ ಷಡ್ಜ. ಅಷ್ಟು ಕೆಳಗಿನ ಸ್ವರವನ್ನು ಆ ಸಣ್ಣ ಸ್ಪೀಕರ್ ಎತ್ತಿಕೊಡುವುದೇ ಇಲ್ಲ, ಮೇಲಿನ ಝೇಂಕಾರ ಮಾತ್ರ ಬರುತ್ತದೆ. ನಾನು ಖಾಲಿ ಜಾಗ ಖಾಲಿ ಜಾಗ ಅನ್ನುತ್ತಿರುವುದು ಆಗ ನಿಜಕ್ಕೂ ಖಾಲಿ ಅನಿಸಿಬಿಡುತ್ತದೆ. ಒಂದು ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು, ವ್ಯತ್ಯಾಸ ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ಹಾಡುಗಳನ್ನು ಕಲಸಿ ಹಚ್ಚುವ ಬಟನ್ ಕೂಡ ಬಂದ್ ಮಾಡಿ. ಅಕ್ಕನ ವಚನ ಮುಗಿದ ಕೂಡಲೇ ಸಿನಿಮಾ ಹಾಡು ಬಂದರೆ ಅಲ್ಲಿಯವರೆಗೆ ಕೂತು ಕೇಳಿದ್ದೆಲ್ಲಾ ಹೋಯಿತು.

ನಾವು ಕೇಳುವುದು ಕಾಕಾನ ಹಳೆಯ ಟೇಪ್ ರೆಕಾರ್ಡರಿನಲ್ಲಿ. ಅದರದ್ದೂ ಒಂದು ಕಥೆ ಇದೆ. ಎರಡನೇ ವಾರ ಮನ್ಸೂರರ ಧ್ವನಿ ಇದ್ದಕ್ಕಿದ್ದ ಹಾಗೆ ದಪ್ಪ ಆಯಿತು, ತಂಬೂರಿ ತೂಗಾಡತೊಡಗಿತು. ಶ್ರುತಿ ಅರ್ಧ ಸ್ವರ ಇಳಿದಿತ್ತು. ಕ್ಯಾಸೆಟ್ಟೇ ಹೋಯಿತು ಅಂತ ಕಾಕಾನ ಮುಖ ಬಾಡಿತು. ಕ್ಯಾಸೆಟ್ ಹೋಗಿರಲಿಲ್ಲ, ಒಳಗಿನ ರಬ್ಬರ್ ಬೆಲ್ಟ್ ಸಡಿಲಾಗಿತ್ತು. ಬಿಸಿಲಿಗೆ, ವಯಸ್ಸಿಗೆ ರಬ್ಬರ್ ಜಗ್ಗುತ್ತದೆ, ಆಗ ಮೋಟಾರು ಎಳೆದಷ್ಟು ವೇಗದಲ್ಲಿ ಟೇಪು ಓಡುವುದಿಲ್ಲ. ಸೂಪರ್ ಮಾರ್ಕೆಟ್ ಕಡೆ ರೇಡಿಯೋ ರಿಪೇರಿ ಮಾಡುವ ಒಬ್ಬ ಅಣ್ಣ ಇದ್ದಾರೆ, ಡಬ್ಬಿ ತುಂಬಾ ಬೆಲ್ಟು ಇಟ್ಟುಕೊಂಡಿದ್ದಾರೆ. ಒಂದೊಂದನ್ನೇ ತೆಗೆದು ಬೆರಳಿಗೆ ಸಿಕ್ಕಿಸಿ ಜಗ್ಗಿ ನೋಡಿ, ನಾಲ್ಕನೆಯದನ್ನು ಹಾಕಿದರು. ಆಮೇಲೆ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಹೆಡ್ ಒರೆಸಿದರು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಟೇಪಿನ ಪುಡಿ ಅದು, ವರ್ಷಗಟ್ಟಲೆ ಕೂತದ್ದು. ಕ್ಯಾಸೆಟ್ ಹಾಕಿ ಹಚ್ಚಿದರೆ ಮನ್ಸೂರರ ಆ ಚೂಪು ಧ್ವನಿ ವಾಪಸ್ ಬಂತು. ಅಂಗಡಿಯ ಎದುರು ಆಟೋಗಳ ಹಾರ್ನ್ ನಡುವೆ ನಾವು ಎ ಬದಿ ಪೂರ್ತಿ ನಿಂತೇ ಕೇಳಿದೆವು, ಮೂವತ್ತು ನಿಮಿಷ. ಆ ಅಣ್ಣನೂ ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಇಂಥ ಕೆಲಸ ಬಲ್ಲವರು ಊರಲ್ಲಿ ಇನ್ನೂ ಇದ್ದಾರೆ, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಟೇಪ್ ರೆಕಾರ್ಡರ್ ಇದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ತೋರಿಸಿ.

ಆನ್‌ಲೈನಿನಲ್ಲಿ ಹಳೆಯ ಸಿಡಿ ತರಿಸುವವರಿಗೆ ಒಂದು ಮಾತು. ರಾಜಗುರು ಅವರ ಸಿಡಿಯೊಂದನ್ನು ನಾನೂ ತರಿಸಿದ್ದೆ, ಮಾರಿದವರು ತೆಳ್ಳನೆಯ ಕವರಿನಲ್ಲಿ ಹಾಕಿ ಕಳಿಸಿದ್ದರು, ಡಬ್ಬಿ ಒಡೆದು ಡಿಸ್ಕಿನ ಮೇಲೆ ಉದ್ದಕ್ಕೆ ಗೀರು. ಮೂರು ಸಲ ಬರೆದ ಮೇಲೆ ದುಡ್ಡು ವಾಪಸ್ ಬಂತು, ಸಿಡಿ ಮತ್ತೆ ಸಿಗಲಿಲ್ಲ. ಗಟ್ಟಿ ಡಬ್ಬಿಯಲ್ಲಿ ಕಳಿಸುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ.

ಕಾಕಾನ ಅಟ್ಟದ ಮೇಲೆ ಇನ್ನೊಂದು ತಗಡಿನ ಪೆಟ್ಟಿಗೆ ಇದೆ ಅಂತ ಹೋದ ವಾರ ಗೊತ್ತಾಯಿತು. ಇಳಿಸಿ ನೋಡಿದರೆ ನಲವತ್ತು ಕ್ಯಾಸೆಟ್, ಅರ್ಧಕ್ಕರ್ಧ ಊರಿನ ಭಜನೆಗಳನ್ನು ಅವರೇ ತುಂಬಿಕೊಂಡದ್ದು, ಮೇಲೆ ಪೆನ್ಸಿಲಿನಲ್ಲಿ ಬರೆದ ಹೆಸರುಗಳು ಅಳಿಸಿಹೋಗಿವೆ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಮೃಗಶಿರ ಮಳೆ ಶುರುವಾದರೆ ಥಂಡಿಗೆ ಇನ್ನೂ ಜಾಸ್ತಿ ಆಗುತ್ತದೆ, ಹಾಗಾಗಿ ಈ ಭಾನುವಾರ ಹಾಡಿಗೆ ರಜೆ. ಭಾಯ್ ತಮ್ಮ ಅಂಗಡಿಯಿಂದ ಮೆತ್ತನೆಯ ಬಟ್ಟೆ ಚೂರುಗಳನ್ನು ತರುತ್ತಾರೆ, ಮಾಸ್ತರರು ಹೆಸರು ಬರೆಯುತ್ತಾರೆ, ನಾನು ಒಂದೊಂದನ್ನೇ ಹಚ್ಚಿ ಕಂಪ್ಯೂಟರಿಗೆ ತುಂಬಿಸಬೇಕು.